ಹಿಮದ ಊರಿಗೆ ಎರೆಮಣ್ಣು

ಕಮಲಾಪುರದ ಮುಸಾಫಿರ ಬಂಗಲೆಯ ಪಡಸಾಲೆಯಲ್ಲಿ ಒಬ್ಬ ಮುದುಕ ಸಾಹೇಬರು ದಿನವಿಡೀ ಕುರ್ಚಿ ಹಾಕಿಕೊಂಡು ಎರೆಹೊಲ ನೋಡುತ್ತ ಕೂಡುತ್ತಿದ್ದರು. ಬಿತ್ತನೆ ಇನ್ನೂ ಆಗಿರದ ಕರಿ ಹೊಲ. ನೋಡುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ನಾಲ್ಕು ಬೆಳ್ಳಕ್ಕಿ, ದೂರದಲ್ಲಿ ಒಂದು ಜಾಲಿಗಿಡ, ಮಳೆ ನಿಂತ ಮೇಲೆ ನೆಲದಿಂದ ಏಳುವ ಹಬೆ, ಅಷ್ಟೇ. ಸಾಹೇಬರಿಗೆ ತಲೆ ಸರಿಯಿಲ್ಲವೆಂದು ಊರಿನವರು ಆಗಲೇ ತೀರ್ಮಾನ ಮಾಡಿದ್ದರು. ನನ್ನ ಮಾವನವರ ಮನೆ ಅದೇ ಊರಿನಲ್ಲಿದ್ದುದರಿಂದ ನಾನು ಬಂಗಲೆ ಮುಟ್ಟುವ ಮೊದಲೇ ಆ ತೀರ್ಮಾನ ನನ್ನನ್ನು ಮುಟ್ಟಿತ್ತು.

ನಾನಾಗ ಕಲಬುರಗಿಯಲ್ಲಿ, ನಿಜಾಮ ಸರಕಾರದ ಒಂದು ಕಚೇರಿಯಲ್ಲಿ, ನಕ್ಷೆಗಳ ನಕಲು ತೆಗೆಯುತ್ತಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಆ ಶ್ರಾವಣದಲ್ಲಿ ಕಮಲಾಪುರದ ಬಾಳೆತೋಟಗಳ ಎಲ್ಲೆ ಬರೆದುಕೊಂಡು ಬರಲು ನನ್ನನ್ನು ಕಳಿಸಿದರು. ಬಂಗಲೆಯ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ಬಣ್ಣ ಕಲಸತೊಡಗಿದೆ. ಬಟ್ಟಲಿಗೆ ಕುಂಚ ತಾಗಿದ ಸಪ್ಪಳಕ್ಕೆ ಸಾಹೇಬರು ತಲೆ ತಿರುಗಿಸಿದರು.

ಯಾವ ಬಣ್ಣ ಎಂದು ಕೇಳಿದರು. ಎರೆಮಣ್ಣಿನ ಕಂದು ಎಂದೆ. ಹಾಳೆಯನ್ನು ಇಸಿದುಕೊಂಡು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಅವರ ಕಣ್ಣು ಹೋಗುತ್ತಿವೆ ಎಂಬುದು ಆಗ ನನಗೆ ತಿಳಿಯಿತು. ಅವರದು ಹಡಗಿನಲ್ಲಿ ಕಲಿತ ಹಿಂದೂಸ್ತಾನಿ, ನನ್ನದು ಕಚೇರಿಯಲ್ಲಿ ಕಲಿತದ್ದು. ಎರಡೂ ಕುಂಟುತ್ತಿದ್ದುದರಿಂದ ಜೊತೆಯಾಗಿ ನಡೆದವು. ಅವರ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

"ಬಿಳಿ ನೋಡಿ ನೋಡಿ ನನ್ನ ಕಣ್ಣು ಸುಟ್ಟುಹೋದವು," ಎಂದರು. "ಇನ್ನ ಉಳಿದಷ್ಟು ದಿನ ಕಪ್ಪು ನೋಡಬೇಕಂತ ಇಲ್ಲಿಗಿ ಬಂದೀನಿ."

ಯಾವ ಬಿಳಿ ಎಂದು ನಾನು ಕೇಳಲಿಲ್ಲ. ಬಿಸಿಲಿರಬೇಕು ಎಂದುಕೊಂಡೆ. ನಮ್ಮ ಕಡೆ ಕಣ್ಣು ಸುಡುವುದು ಬಿಸಿಲೇ. ಕೇಳಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ. ಆದರೆ ಆ ವಯಸ್ಸಿನಲ್ಲಿ ನನಗೆ ಎಲ್ಲವೂ ತಿಳಿದಿತ್ತು.

ಮೂರನೆಯ ದಿನ ಅವರು ಒಂದು ತೊಗಲಿನ ಚೀಲ ಬಿಚ್ಚಿ ತಮ್ಮ ಚಿತ್ರಗಳನ್ನು ತೋರಿಸಿದರು. ಅವರ ದೇಶಕ್ಕೂ ಉತ್ತರದಲ್ಲಿ, ಉತ್ತರದ ಕಟ್ಟಕಡೆಗೆ, ನಕ್ಷೆಯವರು ಕೂಡ ಹೋಗದ ಹೊಳೆಗಳಿವೆಯಂತೆ. ಬಣ್ಣದ ಪೆಟ್ಟಿಗೆಯನ್ನು ದೋಣಿಯಲ್ಲಿಟ್ಟುಕೊಂಡು ಮೂವತ್ತು ವರ್ಷ ಆ ಹೊಳೆಗಳ ದಂಡೆಯ ಊರುಗಳನ್ನು ಹುಡುಕುತ್ತ ಹೋಗಿ ಬರೆದವಂತೆ ಇವು. ಇಡೀ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿದ ಮನೆಗಳು. ದಂಡೆಯಲ್ಲಿ ಬೋರಲು ಮಲಗಿಸಿದ ದೋಣಿಗಳು. ಹಗ್ಗದ ಮೇಲೆ ಸಾಲಾಗಿ ಒಣಹಾಕಿದ ಕೆಂಪು ಕೆಂಪಾದದ್ದು ಏನೋ. ನಾನು ಮೆಣಸಿನಕಾಯಿ ಎಂದೆ, ಮೀನು ಎಂದರು. ಅಲ್ಲಿ ಬೇಸಿಗೆಯಲ್ಲಿ ಹೊತ್ತು ಮುಳುಗುವುದೇ ಇಲ್ಲವಂತೆ. ಮಲಗಿದವರು ಎದ್ದಾಗಲೂ ಅದೇ ಸಂಜೆ ಇರುತ್ತದಂತೆ.

ಆ ಮಧ್ಯಾಹ್ನಗಳು ಈಗಲೂ ನನ್ನೊಳಗೆ ಮುಗಿದಿಲ್ಲ. ಮಳೆ ಬಂದು ನಿಲ್ಲುತ್ತಿತ್ತು. ತೋಟದ ಕಡೆಯಿಂದ ಕೆಂಪು ಬಾಳೆಯ ವಾಸನೆ ಬರುತ್ತಿತ್ತು. ಸಾಹೇಬರ ಮಾತು ಒಂದು ಹೊಳೆಯಿಂದ ಇನ್ನೊಂದು ಹೊಳೆಗೆ ಸಾಗುತ್ತ ಸಾಗುತ್ತ ನನಗೆ ಜೋಂಪು ಹತ್ತುತ್ತಿತ್ತು. ಕಣ್ಣು ಮುಚ್ಚಿದರೆ ನಮ್ಮ ಬೆಣ್ಣೆತೊರೆಯ ದಂಡೆಯಲ್ಲಿ ದಿಮ್ಮಿಯ ಮನೆಗಳು ನಿಂತಿರುತ್ತಿದ್ದವು, ನನ್ನ ಮಾವ ಅವುಗಳ ಮುಂದೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿರುತ್ತಿದ್ದರು. ಎಚ್ಚರವಾದಾಗ ಸಾಹೇಬರು ಇನ್ನೂ ಮಾತಾಡುತ್ತಲೇ ಇರುತ್ತಿದ್ದರು. ನಾನು ನಿದ್ದೆ ಹೋದದ್ದು ಅವರಿಗೆ ಕಾಣುತ್ತಿರಲಿಲ್ಲ, ಅಥವಾ ಕಂಡರೂ ಬೇಸರವಿರಲಿಲ್ಲ.

ಚೀಲದ ತಳದಲ್ಲಿ ಒಂದು ಹಾಳೆ ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ನಮ್ಮ ಮಳೆಗಾಲದ ತಂಪಿಗೆ ಅದಕ್ಕೆ ಬೂಸು ಹಿಡಿದಿತ್ತು. ಅದನ್ನು ಸಾಹೇಬರು ಎರಡೂ ಕೈಯಿಂದ ಎತ್ತಿ ಕೊಟ್ಟರು. "ಎಲ್ಲಾದರಕಿಂತ ಇದು ನನಗ ಬೇಕಾದದ್ದು. ಬೂಸು ತೆಗೀಲಿಕ್ಕೆ ಬರ್ತದೇನು ನಿನಗ?" ಎಂದರು. ಬರುತ್ತಿತ್ತು. ಮೋಮಿನಪುರದ ಬೇಕರಿ ಭಟ್ಟಿಯಿಂದ ಹಳೆಯ ಪಾವುರೊಟ್ಟಿ ತಂದು ಅದರ ತಿರುಳನ್ನು ಉಂಡೆ ಮಾಡಿ ಹಾಳೆಯ ಮೇಲೆ ಮೆಲ್ಲಗೆ ಒತ್ತಿ ತೆಗೆಯುವುದು ನಮ್ಮ ಕಚೇರಿಯ ರೂಢಿ. ಹಾಳೆಯನ್ನು ಕಲಬುರಗಿಗೆ ತೆಗೆದುಕೊಂಡು ಹೋದೆ.

ಎರಡು ದಿನದಲ್ಲಿ ಬೂಸು ಹೋಯಿತು. ಕೈಗೆ ಬಂದ ಯಾವ ಹಾಳೆಯನ್ನೂ ಟ್ರೇಸಿಂಗ್ ಬಟ್ಟೆಯ ಮೇಲೆ ಒಮ್ಮೆ ಇಳಿಸಿಕೊಳ್ಳದೆ ಬಿಡಬಾರದೆಂಬುದೂ ನಮ್ಮ ರೂಢಿಯೇ. ಹಾಗಾಗಿ ಆ ಪಾರದರ್ಶಕ ಬಟ್ಟೆಯನ್ನು ಮೇಲೆ ಹಾಸಿ ಮನೆ, ಮರ, ದಂಡೆ ಎಲ್ಲವನ್ನೂ ಗೆರೆಯಲ್ಲಿ ಇಳಿಸಿಕೊಂಡೆ. ಆಮೇಲೆ ಬಟ್ಟೆ ಸರಿಸಿ ಚಿತ್ರವನ್ನು ನೋಡಿದೆ. ಚಿತ್ರ ಅರ್ಧಕ್ಕೇ ನಿಂತಿತ್ತು. ಮನೆಗಳಿದ್ದವು, ಹೊಗೆಯಿತ್ತು, ಜನರಿದ್ದರು. ಆದರೆ ನೆಲ ಇರಲಿಲ್ಲ, ಹೊಳೆ ಇರಲಿಲ್ಲ, ಮನೆಗಳ ಮೇಲೆ ಮಾಳಿಗೆಗಳಿರಲಿಲ್ಲ. ಹಾಳೆಯ ಮುಕ್ಕಾಲು ಭಾಗ ಬಣ್ಣ ತಾಗದೆ ಕೋರಿಯಾಗಿಯೇ ಉಳಿದಿತ್ತು.

ನನ್ನ ಹೆಂಡತಿ ಬಗ್ಗಿ ನೋಡಿದಳು. "ಏನ್ರೀ ಇದು, ಈ ಮಂದಿಗೆ ಕಾಲೇ ಇಲ್ಲ! ಮೊಣಕಾಲಿಗೇ ಮುಗಿಸಿಬಿಟ್ಟಾರ."

"ಕಣ್ಣು ಹೋಗ್ಯಾವಲ್ಲ, ಪಾಪ. ಮುಗಸೂದು ಆಗಿಲ್ಲ ಅವರಿಗೆ."

"ಹಂಗಾರ ನೀವೇ ಮುಗಿಸಿ ಕೊಡ್ರಿ. ಮುದುಕರ ಜೀವಕ್ಕ ಸಂತೋಷ ಆಗ್ತದ."

ಅವಳು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ನಮ್ಮ ಕಚೇರಿಯ ಉಸ್ತಾದರು, ಮೋಮಿನಪುರದ ಹಿರಿಯರು, ಮೊದಲ ದಿನ ನನಗೆ ಕುಂಚ ಕೊಡುವಾಗಲೇ ಹೇಳಿದ್ದರು. "ಕೋರಾ ಬಿಡೂದು ನಕ್ಕೋ, ಮಿಯಾಂ. ಕೋರಾ ಬಿಟ್ಟರ ಆ ಜಮೀನಿನ ಅಳತಿ ಆಗಿಲ್ಲ ಅಂತ ಅರ್ಥ." ಬಿಳಿ ಉಳಿದ ನಕ್ಷೆ ಅವರ ಮೇಜಿನಿಂದ ವಾಪಸು ಬರುತ್ತಿತ್ತು. ಎರೆಭೂಮಿಗೆ ಕಂದು, ತೋಟಕ್ಕೆ ಹಸಿರು, ನೀರಿಗೆ ನೀಲಿ, ಊರಿಗೆ ಕೆಂಪು. ಖಾಲಿ ಜಾಗ ಕಂಡರೆ ನನ್ನ ಕೈ ತುರಿಸುತ್ತಿತ್ತು.

ಮೂರು ಹಗಲು ಕೂತು ಮುಗಿಸಿದೆ. ಹೊಳೆಗೆ ನೀಲಿ ಹರಿಸಿದೆ. ಮಾಳಿಗೆಗಳಿಗೆ ಮಣ್ಣು ಹೊದಿಸಿದೆ. ನೆಲಕ್ಕೆ ನನಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ನೆಲವನ್ನೇ ಕೊಟ್ಟೆ, ಕಮಲಾಪುರದ ಎರೆ. ಅಂಚಿಗೆ ಮೊಳಕೈಯೆತ್ತರದ ಜೋಳವನ್ನೂ ಬೆಳೆಸಿದೆ. ಗಾಲಿಯಿಲ್ಲದ ಬಂಡಿಯನ್ನು ಇಬ್ಬರು ಗಂಡಸರು ಎಳೆಯುತ್ತಿದ್ದರು. ಅವರ ಕಷ್ಟ ನೋಡಲಾರದೆ ಎರಡು ಗಾಲಿ ಹಾಕಿದೆ. ಆಮೇಲೆ ಎಲ್ಲರಿಗೂ ಕಾಲು ಬರೆದೆ. ಬಲೆ ಹಿಡಿದು ಬಾಗಿಲಲ್ಲಿ ಕೂತ ಮುದುಕನಿಗೆ, ಬಂಡಿಯವರಿಬ್ಬರಿಗೆ, ಒಬ್ಬ ಹುಡುಗಿಗೆ, ಬೆನ್ನಿಗೆ ಕೂಸು ಕಟ್ಟಿಕೊಂಡ ಒಬ್ಬ ಹೆಂಗಸಿಗೆ.

"ಕೂಸಿನ ತಾಯಿ ಅದಾಳ, ಮುತ್ತೈದಿ," ಎಂದಳು ನನ್ನ ಹೆಂಡತಿ. "ಬರಿಗಾಲಾಗ ನಿಲ್ಲಸ್ತೀರೇನು? ಕಾಲುಂಗರ ಹಾಕ್ರಿ."

ಹಾಕಿದೆ. ಒಂದೇ ಕೂದಲಿನ ಕುಂಚದಿಂದ, ಉಸಿರು ಬಿಗಿಹಿಡಿದು, ಎರಡೂ ಕಾಲಿಗೆ. ನನ್ನ ಬಾಳಿನಲ್ಲಿ ಅಷ್ಟು ಹೆಮ್ಮೆಯಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ.

ನಿಜಾಮ ಸರಕಾರದಲ್ಲಿ ಶುಕ್ರವಾರ ರಜೆ. ಗುರುವಾರ ಕಚೇರಿ ಬಿಟ್ಟೊಡನೆ ಟಾಂಗಾ ಹಿಡಿದು ಕಮಲಾಪುರಕ್ಕೆ ಹೋದೆ, ಬೆಳಿಗ್ಗೆ ಬಂಗಲೆಗೆ ನಡೆದೆ. ಸಾಹೇಬರ ಕೈಗೆ ಹಾಳೆ ಕೊಟ್ಟು, ಹೊಗಳಿಕೆಗೆ ಕಾಯುತ್ತ ನಿಂತೆ.

ಮೂಗಿನ ಹತ್ತಿರ ಹಿಡಿದರು. ಎಡದಿಂದ ಬಲಕ್ಕೆ ಹಾಳೆಯನ್ನು ಸರಿಸಿದರು, ಮತ್ತೆ ಬಲದಿಂದ ಎಡಕ್ಕೆ. ಆಮೇಲೆ ಬೆರಳಿನಿಂದ ಒಬ್ಬೊಬ್ಬರನ್ನೂ ಮುಟ್ಟಿ ತಮ್ಮ ಭಾಷೆಯಲ್ಲಿ ಎಣಿಸಿದರು. ಕೂಸು ಸೇರಿ ಆರು.

"ಹಿಮ ಎಲ್ಲಿ ಹೋಯ್ತು?" ಎಂದರು.

ನನಗೆ ಹಿಮ ಎಂದರೆ ಶಿವನು ಕೂತ ಪರ್ವತ, ಕತೆಗಳಲ್ಲಿ ಬರುವಂಥದ್ದು. ಅದು ಒಂದು ಊರಿನ ಅಂಗಳಕ್ಕೆ, ಮಾಳಿಗೆಗೆ, ಬಂಡಿಯ ದಾರಿಗೆ ಬಂದು ಬೀಳುತ್ತದೆಂದು ನನಗೆ ಯಾರು ಹೇಳಿದ್ದರು? ಆ ಪಡಸಾಲೆಯಲ್ಲಿ ಸಾಹೇಬರು ಹೇಳಿದರು. ಆರು ತಿಂಗಳು ನೆಲ ಕಾಣುವುದಿಲ್ಲ. ಹೊಳೆ ಗಟ್ಟಿಯಾಗಿ ದಾರಿಯಾಗುತ್ತದೆ. ನಡೆಯುವವರ ಕಾಲು ಮೊಣಕಾಲತನಕ ಹೂತುಹೋಗುತ್ತವೆ. ಬಂಡಿಗೆ ಗಾಲಿ ಬೇಕಿಲ್ಲ, ಜಾರುತ್ತ ಹೋಗುತ್ತದೆ. ಹಾಳೆಯಲ್ಲಿ ಅವರು ಏನನ್ನೂ ಬಿಟ್ಟಿರಲಿಲ್ಲ. ಬಿಳಿಯೇ ಅವರ ಚಿತ್ರವಾಗಿತ್ತು. ನಾನು ಅದರ ಮೇಲೆಲ್ಲ ಮಣ್ಣು ಸುರಿದಿದ್ದೆ.

ಒಂದು ಚಳಿಗಾಲ ಅವರ ದೋಣಿ ಹೊಳೆಯ ನಡುವೆ ಸಿಕ್ಕಿಬಿದ್ದಿತಂತೆ. ಈ ಮನೆಯವರು ಅವರನ್ನು ಎಳೆದುಕೊಂಡು ಬಂದು ಹಿಮ ಕರಗುವವರೆಗೆ ಇಟ್ಟುಕೊಂಡು ಊಟ ಹಾಕಿದರು. ಆಗ ಬರೆದದ್ದು ಇದೊಂದು. ಎರಡು ವರ್ಷಕ್ಕೆ ಮತ್ತೆ ಹೋದಾಗ ಬಾಗಿಲುಗಳು ತೆರೆದಿದ್ದವು, ಹೊಗೆ ಇರಲಿಲ್ಲ. ರೋಗ ಬಂದು ಊರಿಗೆ ಊರೇ ಹೋಗಿತ್ತು. ಪ್ಲೇಗಿನ ವರ್ಷ ನಾವೂ ಕಲಬುರಗಿ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದವರು. ಮರಳಿ ಬಂದಾಗ ನಮ್ಮ ಗಲ್ಲಿಯಲ್ಲಿ ಬೀಗ ತೆಗೆಯಲು ಯಾರೂ ಉಳಿಯದ ಮನೆಗಳಿದ್ದವು. ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

"ದೀಪಾವಳಿ ಮುಂದ ಊರಿಗಿ ಹೋಗ್ತೀನಿ," ಎಂದರು. "ಹೊಸ ವರ್ಷ ಬರೂದ್ರೊಳಗ ಕಣ್ಣು ಪೂರಾ ಹೋಗ್ತಾವಂತ ಡಾಕ್ಟರು ಹೇಳ್ಯಾರ. ಅಲ್ಲೀತನ ದಿನಾ ಒಂದಿಷ್ಟು ಇದನ್ನ ನೋಡಬೇಕಂತಿದ್ದೆ."

ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ನೀರು ತಂದು ಬಣ್ಣ ತೊಳೆಯಲು ಹೋದಾಗ ನನ್ನ ಮಣಿಕಟ್ಟು ಹಿಡಿದರು. "ಇದನ್ನ ಮುಟ್ಟಬ್ಯಾಡ," ಎಂದರು. ಟ್ರೇಸಿಂಗ್ ಬಟ್ಟೆಯ ಮೇಲೆ ಗೆರೆಗಳೆಲ್ಲ ಇವೆ, ಇನ್ನೊಂದು ಬರೆದುಕೊಡುತ್ತೇನೆ ಎಂದು ನಾನು ಅಳುತ್ತ ಹೇಳಿದೆ. ಅವರು ಚೀಲದಿಂದ ಒಂದು ದಪ್ಪ ಖಾಲಿ ಹಾಳೆ ತೆಗೆದರು. ಅವರ ಹತ್ತಿರ ಉಳಿದದ್ದು ಅದೊಂದೇ. ಗೋಡೆಗಳ ಬಣ್ಣ ನೋಡಿಕೊಳ್ಳಲೆಂದು ಕೆಟ್ಟ ಹಾಳೆಯನ್ನೂ ನನ್ನ ಕೈಗೇ ಕೊಟ್ಟರು.

ಅಲ್ಲಿಂದ ಮುಂದೆ ಪ್ರತಿ ಶುಕ್ರವಾರವೂ ನಾನು ಕಮಲಾಪುರದಲ್ಲಿರುತ್ತಿದ್ದೆ. ಸಾಹೇಬರು ಹಿಮ ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಬಿದ್ದಾಗ ಸಪ್ಪಳವಾಗುವುದಿಲ್ಲ, ಬಿದ್ದ ಮೇಲೆ ಬೇರೆ ಸಪ್ಪಳಗಳೂ ಕೇಳುವುದಿಲ್ಲ. ಬೆಳಿಗ್ಗೆ ಅದಕ್ಕೆ ಗುಲಾಬಿ ಬಣ್ಣ, ಮನೆಯ ನೆರಳಿನಲ್ಲಿ ನೀಲಿ. ಗಾಳಿಯಿಲ್ಲದ ದಿನ ಹೊಗೆ ನೆಟ್ಟಗೆ ಮೇಲಕ್ಕೇರುತ್ತದೆ. ಎದುರಿಗೆ ಕರಿ ಹೊಲ ಹದವಾಗಿ, ಬಿತ್ತನೆಯಾಗಿ, ಜೋಳದ ಮೊಳಕೆಗಳು ಏಳುತ್ತಿದ್ದವು. ಅದನ್ನೇ ನೋಡುತ್ತ ಅವರು ಬಿಳಿಯನ್ನು ಹೇಳುತ್ತಿದ್ದರು. ಒಂದು ಮಧ್ಯಾಹ್ನ ಜೋಂಪಿನಲ್ಲಿ ಬೆಣ್ಣೆತೊರೆ ಗಟ್ಟಿಯಾಗಿ ನಾನು ಅದರ ಮೇಲೆ ನಡೆದು ಹೋಗುತ್ತಿದ್ದೆ. ಕೆಳಗೆ ನೀರು ಹರಿಯುವುದು ಕಾಲಿಗೆ ತಿಳಿಯುತ್ತಿತ್ತು. ಎದ್ದು ಹೇಳಿದೆ. ಹೌದು, ಹಾಗೇ ಇರುತ್ತದೆ ಎಂದು ಅವರು ನನ್ನ ಬೆನ್ನು ತಟ್ಟಿದರು. ಆ ದಿನ ನಾನು ಕ್ಷಮೆ ಸಿಕ್ಕಿತೆಂದೇ ತಿಳಿದೆ.

ಬಿಡುವುದು ಬರೆಯುವುದಕ್ಕಿಂತ ಕಷ್ಟದ ಕೆಲಸ. ಒಂದೊಂದು ಮಾಳಿಗೆಯ ಹತ್ತಿರ ಕುಂಚ ಹೋದಾಗಲೂ ಎಡಗೈಯಿಂದ ಬಲಗೈಯನ್ನು ಹಿಡಿಯುತ್ತಿದ್ದೆ. ಹೆಂಡತಿಗೆ ಹಾಳೆಯನ್ನು ತೋರಿಸಲೇ ಇಲ್ಲ. ಮತ್ತೇನಾದರೂ ಹಾಕಿಸಿಬಿಟ್ಟಾಳೆಂದು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಉಸ್ತಾದರಿಗೆ ಮಾತ್ರ ಒಮ್ಮೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಗೆರಿ ಬಹಳ ಛಲೋ ಬಂದಾವ, ಮಿಯಾಂ. ರಂಗು ಯಾವಾಗ ಹಾಕ್ತಿ?" ಎಂದರು. ನಾನು ಹಿಮದ ವಿಷಯ ಹೇಳಿದೆ. ಅವರು ನಂಬಲಿಲ್ಲ. ಆದರೂ ದೂರ ಹಿಡಿದು ಇನ್ನೊಮ್ಮೆ ನೋಡಿ, ಭುಜದ ಮೇಲಿನ ಶಾಲನ್ನು ಎಳೆದು ಹೊದ್ದುಕೊಂಡರು. ಅಷ್ಟು ನನಗೆ ಸಾಕಾಗಿತ್ತು.

ದೀಪಾವಳಿಗೆ ನಾಲ್ಕು ದಿನವಿರುವಾಗ ಸಾಹೇಬರು ಮುಂಬಯಿಯ ರೈಲು ಹಿಡಿಯಲು ಕಲಬುರಗಿಗೆ ಬಂದರು. ನಾನು ಬೆಳಿಗ್ಗೆಯೇ ಸ್ಟೇಶನ್ನಿಗೆ ಹೋದೆ. ಬಗಲಲ್ಲಿ ಎರಡೂ ಹಾಳೆಗಳಿದ್ದವು. ಹೊಸದನ್ನು ಅವರ ಕೈಗೆ ಕೊಟ್ಟು, ಕೆಟ್ಟದ್ದನ್ನು ಅವರ ಎದುರಿಗೇ ಹರಿದು ಹಾಕಬೇಕೆಂಬುದು ನನ್ನ ಲೆಕ್ಕ. ನನ್ನ ತಪ್ಪು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ.

ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ, ಬೆಳಗಿನ ಬಿಸಿಲಿಗೆ ಬೆನ್ನು ಮಾಡಿ ಕೂತು, ಅವರು ಹೊಸ ಹಾಳೆಯನ್ನು ಬಿಚ್ಚಿದರು. ಮೂಗಿನ ಹತ್ತಿರ ತಂದರು. ಮುಖ ಅರಳಿತು. ನೀಲಿ ನೆರಳಿನ ಮೇಲೆ ಬೆರಳು ನಿಂತಿತು. "ಇದೇ," ಎಂದರು, "ಇದೇ ಹಿಮ." ಬೆರಳು ಮನೆಯ ಗೋಡೆಗುಂಟ ಸರಿದು ಬಾಗಿಲಿಗೆ ಬಂತು, ಅಲ್ಲಿಂದ ದಾರಿಗೆ, ದಾರಿಯಿಂದ ಹೊಳೆಗೆ. ಮತ್ತೆ ಬಾಗಿಲಿಗೆ ಬಂತು. ಹಾಳೆಯನ್ನು ಇನ್ನೂ ಹತ್ತಿರ ತಂದರು. ರೆಪ್ಪೆ ಕಾಗದಕ್ಕೆ ತಾಗಿತು.

"ಅವರು ಎಲ್ಲಿ?" ಎಂದರು.

ಯಾರು ಎಂದು ಕೇಳಲು ಬಾಯಿ ತೆರೆದೆ, ಮತ್ತು ಆಗಲೇ ತಿಳಿಯಿತು. ನಕ್ಷೆಯಲ್ಲಿ ಮನೆ ಇರುತ್ತದೆ, ಬಾವಿ ಇರುತ್ತದೆ, ಮಸೀದಿ, ಗುಡಿ, ಒಂಟಿ ಮರ ಕೂಡ ಇರುತ್ತದೆ. ಮನುಷ್ಯರು ಇರುವುದಿಲ್ಲ. ಟ್ರೇಸಿಂಗ್ ಬಟ್ಟೆಯ ಮೇಲೆ ನನ್ನ ಕೈ ಅವರನ್ನು ಇಳಿಸಿಕೊಂಡಿರಲೇ ಇಲ್ಲ. ಎರಡು ತಿಂಗಳು ಅದರ ಮೇಲೆ ಕೂತರೂ ಒಂದು ದಿನವಾದರೂ ನನಗೆ ಅದು ಕೊರತೆ ಎನಿಸಿರಲಿಲ್ಲ, ಉಸ್ತಾದರಿಗೂ ಎನಿಸಿರಲಿಲ್ಲ. ಸಾಹೇಬರು ಎರಡನೆಯ ಸಲ ಆ ಊರಿಗೆ ಹೋದಾಗ ಏನು ಕಂಡಿದ್ದರೋ ಅದನ್ನೇ ನಾನು ಅಚ್ಚುಕಟ್ಟಾಗಿ ಬರೆದು ಅವರ ಕೈಗೆ ಕೊಟ್ಟಿದ್ದೆ.

"ಸಾಹೇಬ್ರ, ಮಂದಿನ ನಾವು ಬರಿಯೂದಿಲ್ರೀ," ಎಂದೆ.

ಅವರು ಹಾಳೆ ಸುತ್ತಿ ತೊಡೆಯ ಮೇಲಿಟ್ಟುಕೊಂಡರು. ರೈಲಿನ ಗಂಟೆ ಬಾರಿಸಿತು. "ಆ ಇನ್ನೊಂದು?" ಎಂದು ಸಾಹೇಬರು ಕೈ ಚಾಚಿದರು. ಹರಿಯಬೇಕೆಂದು ತಂದದ್ದನ್ನು ಕೊಟ್ಟೆ. ಎರೆಮಣ್ಣು, ಜೋಳ, ನೀಲಿ ಹೊಳೆ, ಗಾಲಿ ಬಂಡಿ, ಎಲ್ಲವನ್ನೂ ದಾಟಿ ಅವರ ಬೆರಳು ಒಬ್ಬೊಬ್ಬರನ್ನೂ ಹುಡುಕಿತು. ಬಲೆಯ ಮುದುಕ. ಇಬ್ಬರು ಗಂಡಸರು. ಹುಡುಗಿ. ಕೂಸು, ಅದರ ತಾಯಿ. ತಾಯಿಯ ಕಾಲಿನ ಹತ್ತಿರ ಬೆರಳು ನಿಂತಿತು. ಏನಿದು ಎಂದು ಕೇಳಿದರು. ನಾನು ಹೇಳಿದೆ. ತುಟಿ ಅದುರಿದವು, ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ.

ರೈಲು ಬಂತು. ಕೆಟ್ಟ ಹಾಳೆಯನ್ನು ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ಹತ್ತಿದರು. ಹೊಸದನ್ನು ಕಿಟಕಿಯಿಂದ ನನಗೆ ವಾಪಸು ಕೊಟ್ಟರು.

"ಹಿಮ ನಿನಗಿರಲಿ," ಎಂದರು.

ಮನೆಗೆ ಬಂದು ಅದನ್ನು ಹೆಂಡತಿಯ ಮುಂದೆ ಬಿಚ್ಚಿದೆ. ಅವಳು ಬಹಳ ಹೊತ್ತು ನೋಡಿದಳು. "ಎಷ್ಟು ಛಂದ ಊರು," ಎಂದಳು. "ಯಾರೂ ಇಲ್ಲಲ್ರೀ."

ಮರುದಿನ ಬಣ್ಣ ಕಲಸಿಕೊಂಡು ಕೂತೆ. ಆರು ಜನರನ್ನು ಬರೆದು ಅಂಚೆಯಲ್ಲಾದರೂ ಕಳಿಸಬೇಕೆಂದು. ಅವರ ವಿಳಾಸ ನಾನು ಕೇಳಿರಲಿಲ್ಲವೆಂಬುದು ಆಗ ಹೊಳೆಯಿತು. ಆದರೂ ಬರೆಯೋಣವೆಂದು ಕುಂಚ ಎತ್ತಿದೆ. ಬಾಗಿಲಿನ ಹತ್ತಿರ ಮುದುಕ ಕೂತಿದ್ದ, ಅದು ನೆನಪಿತ್ತು. ಗಡ್ಡವಿತ್ತೇ? ಹುಡುಗಿ ಯಾವ ಕಡೆ ನೋಡುತ್ತಿದ್ದಳು? ಆ ತಾಯಿಯ ಮುಖ ದುಂಡಗಿತ್ತೋ ಉದ್ದವೋ? ಎರಡು ತಿಂಗಳು ಅವರನ್ನು ಎದುರಿಗಿಟ್ಟುಕೊಂಡು ಗೋಡೆಗಳ ಬಣ್ಣ ನೋಡಿದ್ದೆ. ನನಗೆ ಅವರ ಕಾಲುಗಳಷ್ಟೇ ಗೊತ್ತಿದ್ದವು. ಅವು ನಾನು ಬರೆದ ಕಾಲುಗಳು.